ಪ್ರವೇಶದ ಬಾಗಿಲು, ನಿರ್ಗಮನದ ಬಾಗಿಲು: ಬೆಂಗಳೂರಿನಿಂದ ಶಾಹದರದವರೆಗೆ ಮಾನಸಿಕ ಚಿಕಿತ್ಸಾಲಯಗಳ ಇತಿಹಾಸದ ಒಂದು ಪರಿಶೀಲನೆ

೧

ಒಂದು ಸಂಸ್ಥೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದರ ಸ್ಥಾಪಕರ ಹೆಸರು, ಕಟ್ಟಡದ ವಿಸ್ತಾರ, ಅಲ್ಲಿ ದುಡಿದ ಮಹನೀಯರ ಸಾಧನೆ ಇವುಗಳನ್ನೇ ಮುಖ್ಯವಾಗಿ ಗಮನಿಸುತ್ತಾರೆ. ಆದರೆ ಅಶಕ್ತರಿಗೆ ಆಶ್ರಯವನ್ನೋ ಚಿಕಿತ್ಸೆಯನ್ನೋ ನೀಡುವ ಸಂಸ್ಥೆಗಳ ವಿಷಯದಲ್ಲಿ ಇವುಗಳಿಗಿಂತ ಮುಖ್ಯವಾದ ಎರಡು ಪ್ರಶ್ನೆಗಳಿವೆ. ಒಬ್ಬ ವ್ಯಕ್ತಿ ಅಲ್ಲಿಗೆ ಹೇಗೆ ಬರುತ್ತಾನೆ, ಯಾರ ಮಾತಿನ ಮೇಲೆ ಬರುತ್ತಾನೆ ಎಂಬುದು ಮೊದಲನೆಯದು. ಅಲ್ಲಿಂದ ಹೇಗೆ ಹೊರಡುತ್ತಾನೆ, ಯಾರ ಅನುಮತಿಯಿಂದ ಹೊರಡುತ್ತಾನೆ ಎಂಬುದು ಎರಡನೆಯದು. ಇವೆರಡಕ್ಕೆ ದೊರೆಯುವ ಉತ್ತರದಲ್ಲಿ ಆ ಸಂಸ್ಥೆಯ ನಿಜಸ್ವರೂಪ ಅಡಗಿರುತ್ತದೆ.

ಮಾನಸಿಕ ಅಸ್ವಾಸ್ಥ್ಯವನ್ನು ಅಂಗವಿಕಲತೆಯ ಒಂದು ಬಗೆಯೆಂದು ನಮ್ಮ ಕಾನೂನು ಒಪ್ಪಿಕೊಂಡದ್ದು ೧೯೯೫ರ ಕಾಯಿದೆಯಲ್ಲಿ. ೨೦೧೬ರ ಕಾಯಿದೆ ಅದನ್ನು ಇನ್ನೂ ವಿಶದವಾಗಿ ವಿಧಿಸಿತು. ಆದರೆ ಇಂಥವರಿಗಾಗಿ ಸರ್ಕಾರವೇ ಗೋಡೆ ಕಟ್ಟಿ ಬಾಗಿಲಿಟ್ಟ ಸಂಸ್ಥೆಗಳ ಚರಿತ್ರೆ ಅದಕ್ಕಿಂತ ಸುಮಾರು ಒಂದೂವರೆ ಶತಮಾನ ಹಿಂದಿನದು. ಕನ್ನಡನಾಡಿಗೆ ಈ ಚರಿತ್ರೆಯಲ್ಲಿ ವಿಶಿಷ್ಟ ಸ್ಥಾನವಿದೆ. ದೆಹಲಿಯ ಒಂದು ಸಂಸ್ಥೆಯ ಪುನರ್ಜನ್ಮಕ್ಕೆ ಬೆಂಗಳೂರಿನ ಸಂಸ್ಥೆಯೇ ಮಾದರಿಯಾಯಿತು. ಈ ಎರಡು ನಗರಗಳ ಅನುಭವವನ್ನು ಮುಂದಿಟ್ಟುಕೊಂಡು, ಮೇಲಿನ ಎರಡು ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಬೆಂಗಳೂರಿನಲ್ಲಿ ಬುದ್ಧಿಭ್ರಮಣೆಗೊಂಡವರಿಗಾಗಿ ಪ್ರತ್ಯೇಕ ಆಶ್ರಯಸ್ಥಾನವೊಂದು ಏರ್ಪಟ್ಟದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಆಗ ಮೈಸೂರು ಸೀಮೆ ಬ್ರಿಟಿಷ್ ಕಮೀಷನರರ ಆಡಳಿತದಲ್ಲಿತ್ತು. ಕಮೀಷನ್ನಿನ ವೈದ್ಯಾಧಿಕಾರಿಯಾಗಿದ್ದ ಚಾರ್ಲ್ಸ್ ಅರ್ವಿಂಗ್ ಸ್ಮಿತ್ ಅದರ ಸ್ಥಾಪನೆಗೆ ಕಾರಣನಾದ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿಯೂ ಅದೇ ಕಾಲದಲ್ಲಿ ಅಂಥದೊಂದು ಆಶ್ರಯಸ್ಥಾನ ತಲೆಯೆತ್ತಿತು. ಜನರ ಬಾಯಲ್ಲಿ ಇವೆರಡೂ ಹುಚ್ಚರ ಆಸ್ಪತ್ರೆಗಳೆಂದೇ ಬಹುಕಾಲ ಉಳಿದವು.

ಬ್ರಿಟಿಷ್ ಇಂಡಿಯಾದಲ್ಲಿ ಈ ಸಂಸ್ಥೆಗಳಿಗೆ ಕಾನೂನಿನ ಚೌಕಟ್ಟನ್ನು ಒದಗಿಸಿದ್ದು ೧೮೫೮ರ ಶಾಸನಗಳು. ಸಿಪಾಯಿ ದಂಗೆಯನ್ನು ಅಡಗಿಸಿ ಕಂಪನಿಯ ಆಳ್ವಿಕೆ ರಾಣಿಯ ಕೈಸೇರಿದ ವರ್ಷವೇ ಇವು ಹೊರಬಂದುದು ಗಮನಾರ್ಹ. ದಿಕ್ಕಿಲ್ಲದೆ ಅಲೆಯುವ, ಅಪಾಯಕಾರಿಯೆಂದು ತೋರುವ ವ್ಯಕ್ತಿಯನ್ನು ಪೋಲೀಸಿನವರು ಹಿಡಿದು ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಬೇಕು; ವೈದ್ಯನ ಪ್ರಮಾಣಪತ್ರವನ್ನು ಪಡೆದು ಮ್ಯಾಜಿಸ್ಟ್ರೇಟನು ಆತನನ್ನು ಆಶ್ರಯಸ್ಥಾನಕ್ಕೆ ಕಳಿಸಬೇಕು; ಇದು ವ್ಯವಸ್ಥೆಯ ತಿರುಳು. ರೋಗಿಯ ಯಾತ್ರೆ ಮನೆಯಿಂದ ವೈದ್ಯನ ಬಳಿಗಲ್ಲ, ಬೀದಿಯಿಂದ ಠಾಣೆಗೆ, ಠಾಣೆಯಿಂದ ಕಚೇರಿಗೆ, ಕಚೇರಿಯಿಂದ ಗೋಡೆಯೊಳಕ್ಕೆ ಎಂಬಂತಿತ್ತು. ಚಿಕಿತ್ಸೆಯ ಆರಂಭ ನ್ಯಾಯಾಂಗದ ಒಂದು ಕ್ರಿಯೆಯಾಗಿದ್ದಿತೇ ಹೊರತು ವೈದ್ಯಕೀಯ ಕ್ರಿಯೆಯಾಗಿರಲಿಲ್ಲ.

ಇಂಥ ಸಂಸ್ಥೆಗಳು ವರ್ಷವರ್ಷವೂ ಸರ್ಕಾರಕ್ಕೆ ಸಲ್ಲಿಸುತ್ತಿದ್ದ ತಖ್ತೆಗಳ ವಿನ್ಯಾಸವೇ ಒಂದು ಪಾಠವನ್ನು ಹೇಳುತ್ತದೆ. ವರ್ಷಾರಂಭದಲ್ಲಿ ಇದ್ದವರು, ಹೊಸದಾಗಿ ಸೇರಿದವರು ಎಂಬ ಅಂಕಣಗಳು ಒಂದು ಕಡೆ. ಗುಣ ಹೊಂದಿದವರು, ಬಂಧುಮಿತ್ರರ ವಶಕ್ಕೆ ಹೋದವರು, ತಪ್ಪಿಸಿಕೊಂಡವರು, ತೀರಿಕೊಂಡವರು ಎಂಬ ಅಂಕಣಗಳು ಇನ್ನೊಂದು ಕಡೆ. ಕಡೆಯಲ್ಲಿ ವರ್ಷಾಂತ್ಯಕ್ಕೆ ಉಳಿದವರು. ಜಮಾಖರ್ಚಿನ ಪುಸ್ತಕವನ್ನು ಬಲ್ಲವರಿಗೆ ಈ ಕಡೆಯ ಅಂಕಣದ ಅರ್ಥವನ್ನು ವಿವರಿಸಬೇಕಾಗಿಲ್ಲ. ಮುಂದಿನ ವರ್ಷದ ಮೊದಲ ಅಂಕಣಕ್ಕೆ ಅದು ಶಿಲ್ಕಾಗಿ ಹೋಗುತ್ತದೆ. ಹೀಗೆ ವರ್ಷದಿಂದ ವರ್ಷಕ್ಕೆ ಶಿಲ್ಕಾಗಿ ಸಾಗಿದ ಮನುಷ್ಯರ ಚರಿತ್ರೆಯೇ ಈ ಸಂಸ್ಥೆಗಳ ನಿಜವಾದ ಚರಿತ್ರೆ.

೩

೧೯೧೨ರ ಭಾರತೀಯ ಲೂನಸಿ ಆಕ್ಟ್ ಈ ಹಳೆಯ ಶಾಸನಗಳನ್ನೆಲ್ಲ ಒಟ್ಟುಗೂಡಿಸಿತು. ಸುಮಾರು ಎಂಬತ್ತು ವರ್ಷಗಳ ಕಾಲ, ಎಂದರೆ ಸ್ವಾತಂತ್ರ್ಯ ಬಂದು ನಾಲ್ಕು ದಶಕಗಳು ಕಳೆದ ಮೇಲೂ, ಜಾರಿಯಲ್ಲಿದ್ದ ಈ ಕಾಯಿದೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯಕ.

ಪ್ರವೇಶದ ವಿಷಯದಲ್ಲಿ ಕಾಯಿದೆ ಅತ್ಯಂತ ಜಾಗರೂಕವಾಗಿತ್ತು. ಅರ್ಜಿಯ ಮೂಲಕ ಒಬ್ಬರನ್ನು ಸೇರಿಸಬೇಕಾದರೆ ಸಾಧ್ಯವಾದ ಮಟ್ಟಿಗೆ ಗಂಡನೋ ಹೆಂಡತಿಯೋ ಇಲ್ಲವೆ ಬಂಧುವೋ ಅರ್ಜಿದಾರರಾಗಿರಬೇಕು. ಅರ್ಜಿ ಹಾಕುವುದಕ್ಕೆ ಹಿಂದಿನ ಹದಿನಾಲ್ಕು ದಿನಗಳೊಳಗೆ ಅವರು ರೋಗಿಯನ್ನು ಕಣ್ಣಾರೆ ಕಂಡಿರಬೇಕು. ಇಬ್ಬರು ವೈದ್ಯರ ಪ್ರಮಾಣಪತ್ರಗಳು ಬೇಕು. ಮ್ಯಾಜಿಸ್ಟ್ರೇಟನ ಪ್ರವೇಶಾಜ್ಞೆ ಬೇಕು. ಆಸ್ತಿಗಾಗಿ ಸ್ವಸ್ಥರನ್ನು ಹುಚ್ಚರೆಂದು ಕೂಡಿಹಾಕುವ ಸಂಚುಗಳ ಬಗೆಗೆ ಇಂಗ್ಲೆಂಡಿನಲ್ಲಿ ಎದ್ದಿದ್ದ ಭಯದ ನೆರಳನ್ನು ಈ ವಿಧಿಗಳಲ್ಲಿ ಕಾಣಬಹುದು.

ನಿರ್ಗಮನಕ್ಕೂ ಕಾಯಿದೆಯಲ್ಲಿ ದಾರಿಗಳಿದ್ದವು. ಸಂಸ್ಥೆಯ ಮೇಲ್ವಿಚಾರಣೆಗೆ ನೇಮಕಗೊಂಡ ವಿಸಿಟರರಲ್ಲಿ ಮೂವರು, ಅವರಲ್ಲೊಬ್ಬ ವೈದ್ಯಾಧಿಕಾರಿಯಾಗಿದ್ದು, ಲಿಖಿತ ಆಜ್ಞೆಯಿಂದ ಯಾರನ್ನಾದರೂ ಬಿಡುಗಡೆ ಮಾಡಬಹುದಿತ್ತು. ಅರ್ಜಿ ಹಾಕಿ ಸೇರಿಸಿದವರೇ ಬರೆದು ಕೇಳಿದರೆ, ರೋಗಿ ಅಪಾಯಕಾರಿಯಲ್ಲದಿದ್ದ ಪಕ್ಷದಲ್ಲಿ, ಬಿಟ್ಟುಕೊಡಬೇಕಾಗಿತ್ತು. ಪೋಲೀಸಿನವರ ಮೂಲಕ ಬಂದವರ ವಿಷಯದಲ್ಲಿ ಬಂಧುವೋ ಸ್ನೇಹಿತನೋ ಮುಂದೆ ಬಂದು, ಸರಿಯಾಗಿ ನೋಡಿಕೊಳ್ಳುತ್ತೇನೆ, ಯಾರಿಗೂ ಹಾನಿಯಾಗದಂತೆ ತಡೆಯುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಅವರ ವಶಕ್ಕೆ ಒಪ್ಪಿಸಬಹುದಿತ್ತು. ತಾವಾಗಿಯೇ ಚಿಕಿತ್ಸೆಗೆ ಬಂದವರಿಗೂ ಒಂದು ಅವಕಾಶವಿತ್ತು. ಅವರು ಇಬ್ಬರು ವಿಸಿಟರರ ಸಮ್ಮತಿಯಿಂದ ಒಳಗೆ ಸೇರಬಹುದಿತ್ತು. ಹೊರಡುತ್ತೇನೆಂದು ಬರೆದುಕೊಟ್ಟ ಮೇಲೆ ಅವರನ್ನು ಇಪ್ಪತ್ತನಾಲ್ಕು ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿರಲಿಲ್ಲ.

ಕಾಗದದ ಮೇಲೆ ಇವು ಸಮಂಜಸವಾದ ವಿಧಿಗಳೇ ಸರಿ. ಆದರೆ ಇವುಗಳ ಒಳತರ್ಕವನ್ನು ಗಮನಿಸಬೇಕು. ಹೊರಹೋಗುವ ದಾರಿಗಳು ಕಾರ್ಯತಃ ಹೊರಗಿನ ಒಬ್ಬರನ್ನು ಅವಲಂಬಿಸಿದ್ದವು. ಅರ್ಜಿ ಹಾಕಿದವನು ಮತ್ತೆ ಬರೆಯಬೇಕು. ಬಂಧು ಮುಚ್ಚಳಿಕೆ ಕೊಡಬೇಕು. ವಿಸಿಟರರು ತಾವಾಗಿಯೇ ಬಿಡುಗಡೆ ಮಾಡಬಹುದಾಗಿದ್ದರೂ ಆ ಮನುಷ್ಯ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ಅವರ ಲೇಖನಿಯನ್ನು ತಡೆಯುತ್ತಿತ್ತು. ಒಳಗೆ ಬರಲು ರೋಗವಿದ್ದರೆ ಸಾಕಾಗಿತ್ತು. ಹೊರಗೆ ಹೋಗಲು ಆರೋಗ್ಯವೊಂದೇ ಸಾಲದಾಗಿತ್ತು, ಕಾದಿರುವ ಮನೆಯೊಂದು ಬೇಕಾಗಿತ್ತು.

ಇನ್ನೊಂದು ಸಂಗತಿಯೂ ಉಂಟು. ಈ ಕಾಯಿದೆಯ ವ್ಯಾಖ್ಯೆಯಲ್ಲಿ ಹುಟ್ಟಿನಿಂದಲೇ ಬುದ್ಧಿ ಬೆಳೆಯದವರೂ ನಡುವೆ ಚಿತ್ತಸ್ವಾಸ್ಥ್ಯ ಕಳೆದುಕೊಂಡವರೂ ಒಂದೇ ಪದದಡಿ ಸೇರಿಹೋಗಿದ್ದರು. ರೋಗವಾದರೆ ಗುಣವಾಗಬಹುದು; ಬುದ್ಧಿಮಾಂದ್ಯ ರೋಗವಲ್ಲ, ಅದು ಗುಣವಾಗುವ ಮಾತೇ ಇಲ್ಲ. ಗುಣವಾದವರಿಗೆ ಮಾತ್ರ ತೆರೆಯುವ ಬಾಗಿಲು ಇವರ ಪಾಲಿಗೆ ಎಂದೆಂದಿಗೂ ಮುಚ್ಚಿಯೇ ಇರುತ್ತಿತ್ತು. ಈ ಎರಡು ವರ್ಗಗಳನ್ನು ಬೇರ್ಪಡಿಸಿದ್ದು ೧೯೮೭ರ ಮಾನಸಿಕ ಆರೋಗ್ಯ ಕಾಯಿದೆ. ಬುದ್ಧಿಮಾಂದ್ಯ, ಆಟಿಸಂ, ಸೆರಿಬ್ರಲ್ ಪಾಲ್ಸಿ ಮತ್ತು ಬಹುವಿಧ ವೈಕಲ್ಯವುಳ್ಳವರಿಗಾಗಿ ೧೯೯೯ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯಿದೆ ಬಂದಿತು. ಸ್ಥಳೀಯ ಸಮಿತಿ ನೇಮಿಸುವ ಪಾಲಕನು ಕರ್ತವ್ಯಚ್ಯುತನಾದರೆ ಅವನನ್ನು ತೆಗೆದುಹಾಕುವ ವಿಧಿಯೂ ಅದರಲ್ಲಿದೆ.

೪

ಮೈಸೂರು ಸಂಸ್ಥಾನದಲ್ಲಿ ೧೯೨೫ರಲ್ಲಿ ಒಂದು ಬದಲಾವಣೆ ನಡೆಯಿತು. ಬೆಂಗಳೂರಿನ ಆಶ್ರಯಸ್ಥಾನಕ್ಕೆ ಮೆಂಟಲ್ ಆಸ್ಪತ್ರೆ ಎಂಬ ಹೊಸ ಹೆಸರು ಬಂದಿತು. ಹೆಸರು ಬದಲಾದರೆ ಎಲ್ಲವೂ ಬದಲಾಗುವುದಿಲ್ಲವೆಂಬುದು ನಿಜ; ಆದರೂ ಆಸ್ಪತ್ರೆ ಎಂದ ಕೂಡಲೇ ಅಲ್ಲಿಂದ ಗುಣವಾಗಿ ಹೊರಡುವುದು ಸಹಜವೆಂಬ ಭಾವನೆ ಆ ಪದದೊಡನೆಯೇ ಬರುತ್ತದೆ. ಲಂಡನ್ನಿನಲ್ಲಿ ತರಬೇತಿ ಪಡೆದು ಬಂದಿದ್ದ ಡಾ. ಫ್ರಾಂಕ್ ನೊರೋನ್ಹಾ ಅವರ ಮೇಲ್ವಿಚಾರಣೆಯಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, ೧೯೩೦ರ ದಶಕದಲ್ಲಿ ಆಸ್ಪತ್ರೆ ಹೊಸೂರು ರಸ್ತೆಯ ವಿಶಾಲವಾದ ನಿವೇಶನಕ್ಕೆ ಸ್ಥಳಾಂತರಗೊಂಡಿತು. ಅವರ ತರುವಾಯ ಬಂದ ಡಾ. ಎಂ. ವಿ. ಗೋವಿಂದಸ್ವಾಮಿಯವರು ಆಧುನಿಕ ಮನೋವೈದ್ಯದಲ್ಲಿಯೂ ಭಾರತೀಯ ದರ್ಶನಗಳಲ್ಲಿಯೂ ಆಸಕ್ತರಾಗಿದ್ದ ವಿದ್ವಾಂಸರು. ೧೯೫೪ರಲ್ಲಿ ಕೇಂದ್ರ ಸರ್ಕಾರ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ತೆರೆದಾಗ ಅದರ ಮೊದಲ ನಿರ್ದೇಶಕರು ಅವರೇ.

ದೇಶದ ಉಳಿದೆಡೆಯ ಸ್ಥಿತಿ ಹೇಗಿತ್ತೆಂಬುದಕ್ಕೆ ೧೯೪೬ರ ಭೋರ್ ಸಮಿತಿಯ ವರದಿ ಸಾಕ್ಷಿ. ಅವಿಭಕ್ತ ಭಾರತದ ಸುಮಾರು ನಲವತ್ತು ಕೋಟಿ ಜನರಿಗೆ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದ ಹಾಸಿಗೆಗಳು ಹತ್ತು ಸಾವಿರದ ಆಸುಪಾಸು ಮಾತ್ರ. ಹಾಸಿಗೆಗಳ ಕೊರತೆ ಒಂದು ಮಾತು. ಇದ್ದ ಹಾಸಿಗೆಗಳಲ್ಲಿ ಬಹುಕಾಲದಿಂದ ಉಳಿದವರೇ ತುಂಬಿಕೊಂಡಿದ್ದರೆ ಹೊಸಬರಿಗೆ ಎಡೆಯೆಲ್ಲಿ ಎಂಬುದು ಇನ್ನೊಂದು ಮಾತು. ನಿರ್ಗಮನದ ಬಾಗಿಲು ಮುಚ್ಚಿದರೆ ಪ್ರವೇಶದ ಬಾಗಿಲೂ ತಾನಾಗಿಯೇ ಮುಚ್ಚುತ್ತದೆ.

ದೇಶ ಇಬ್ಭಾಗವಾದಾಗ ಈ ಉಳಿದವರ ಗತಿಯೇನೆಂಬ ಪ್ರಶ್ನೆ ವಿಲಕ್ಷಣವಾದ ರೀತಿಯಲ್ಲಿ ಮೇಲೆದ್ದಿತು. ಲಾಹೋರಿನ ಮಾನಸಿಕ ಆಸ್ಪತ್ರೆಯಲ್ಲಿದ್ದ ಹಿಂದೂ ಮತ್ತು ಸಿಖ್ ರೋಗಿಗಳನ್ನು ೧೯೫೦ರ ಡಿಸೆಂಬರಿನಲ್ಲಿ ಗಡಿ ದಾಟಿಸಿ ಅಮೃತಸರಕ್ಕೆ ತರಲಾಯಿತು. ಈ ಕಡೆಯ ಮುಸಲ್ಮಾನ ರೋಗಿಗಳು ಆ ಕಡೆಗೆ ಹೋದರು. ಸಾದತ್ ಹಸನ್ ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕಥೆಗೆ ಈ ವಿನಿಮಯವೇ ಆಧಾರ. ಇದು ಬಿಡುಗಡೆಯೂ ಅಲ್ಲ, ಪ್ರವೇಶವೂ ಅಲ್ಲ; ಒಂದು ಲೆಕ್ಕದ ಪುಸ್ತಕದಿಂದ ಇನ್ನೊಂದಕ್ಕೆ ಆದ ವರ್ಗಾವಣೆ.

ಅದೇ ಅಮೃತಸರದಲ್ಲಿ ೧೯೫೦ರ ದಶಕದಲ್ಲಿ ಡಾ. ವಿದ್ಯಾಸಾಗರ್ ಒಂದು ಸರಳವಾದ, ಆದರೆ ದೂರಗಾಮಿಯಾದ ಪ್ರಯೋಗವನ್ನು ಕೈಗೊಂಡರು. ರೋಗಿಯನ್ನು ಬಿಟ್ಟು ಹೋಗುವ ಬದಲು ಮನೆಯವರೂ ಆಸ್ಪತ್ರೆಯ ಆವರಣದಲ್ಲಿ ಡೇರೆಗಳಲ್ಲಿ ಉಳಿದು ಶುಶ್ರೂಷೆಯಲ್ಲಿ ಪಾಲುಗೊಳ್ಳುವಂತೆ ಮಾಡಿದರು. ಇದರ ಮರ್ಮವೇನೆಂದರೆ, ಮನೆ ಎಂಬುದು ಹೊರಗೆ ಉಳಿಯಲಿಲ್ಲ. ಅದು ರೋಗಿಯ ಜೊತೆಗೇ ಒಳಗೆ ಬಂದಿತು. ಪ್ರವೇಶದ ದಿನವೇ ನಿರ್ಗಮನದ ಸಿದ್ಧತೆ ಆರಂಭವಾಯಿತು. ಮುಂದೆ ವೆಲ್ಲೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಕುಟುಂಬದೊಡನೆ ಚಿಕಿತ್ಸೆ ನಡೆಸುವ ಪದ್ಧತಿ ಬೇರೂರಿತು. ಇದೇ ಸುಮಾರಿಗೆ ಹೊಸ ಔಷಧಗಳು ಬಳಕೆಗೆ ಬಂದು, ವರ್ಷಗಳ ವಾಸ ವಾರಗಳಿಗೆ ಇಳಿಯುವುದು ಸಾಧ್ಯವಾಯಿತು.

೫

ದೆಹಲಿಗೆ ತನ್ನದೇ ಆದ ಮಾನಸಿಕ ಆಸ್ಪತ್ರೆ ದೊರೆತದ್ದು ೧೯೬೬ರಲ್ಲಿ, ಯಮುನೆಯ ಪೂರ್ವದಡದ ಶಾಹದರದಲ್ಲಿ. ಬೆಂಗಳೂರಿನ ಸಂಸ್ಥೆ ತರಬೇತಿ, ಸಂಶೋಧನೆಗಳಲ್ಲಿ ಮುಂದುವರಿದು ೧೯೭೪ರಲ್ಲಿ ಸರ್ಕಾರಿ ಆಸ್ಪತ್ರೆಯೊಡನೆ ವಿಲೀನಗೊಂಡು ನಿಮ್ಹಾನ್ಸ್ ಆದ ಕಾಲಕ್ಕೆ, ಶಾಹದರದ ಆಸ್ಪತ್ರೆ ಇನ್ನೂ ಹಳೆಯ ಆಶ್ರಯಸ್ಥಾನದ ಜಾಡಿನಲ್ಲಿಯೇ ಇತ್ತು. ಅಲ್ಲಿಯ ಸ್ಥಿತಿಗತಿಗಳ ಬಗೆಗೆ ಸಾರ್ವಜನಿಕ ಹಿತದ ಅರ್ಜಿಯೊಂದು ೧೯೮೦ರ ದಶಕದ ಆದಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು.

ಆ ದಶಕದಲ್ಲಿ ನ್ಯಾಯಾಲಯ ಇಂಥ ಹಲವು ಗೋಡೆಗಳೊಳಗೆ ಇಣುಕಿ ನೋಡಿತು. ೧೯೮೨ರ ವೀಣಾ ಸೇಠಿ ಮೊಕದ್ದಮೆಯಲ್ಲಿ ಬಿಹಾರದ ಹಜಾರಿಬಾಗ್ ಸೆರೆಮನೆಯ ಸಂಗತಿ ಬೆಳಕಿಗೆ ಬಂದಿತು. ಬುದ್ಧಿ ಸ್ಥಿಮಿತದಲ್ಲಿಲ್ಲವೆಂದು ಅಲ್ಲಿ ಇಡಲ್ಪಟ್ಟಿದ್ದ ಕೆಲವರು ಸ್ವಸ್ಥರಾದ ಮೇಲೂ, ಬಿಡುಗಡೆಯ ಆಜ್ಞೆ ಬರಲಿಲ್ಲವೆಂಬ ಒಂದೇ ಕಾರಣದಿಂದ, ದಶಕಗಟ್ಟಲೆ ಸೆರೆಯಲ್ಲಿಯೇ ಉಳಿದಿದ್ದರು. ಅವರನ್ನು ಬಿಡುವಂತೆ ಹೇಳಿದ ನ್ಯಾಯಾಲಯ ಊರಿಗೆ ಮರಳುವ ಪ್ರಯಾಣದ ವೆಚ್ಚವನ್ನೂ ಕೊಡಬೇಕೆಂದು ಆದೇಶಿಸಿತು. ಸಣ್ಣ ವಿಷಯವೆಂದು ತೋರಬಹುದಾದ ಈ ಪ್ರಯಾಣವೆಚ್ಚದಲ್ಲಿ ದೊಡ್ಡ ತತ್ತ್ವವಿದೆ. ಬಾಗಿಲು ತೆರೆದರೆ ಕರ್ತವ್ಯ ಮುಗಿಯಲಿಲ್ಲ. ಬಾಗಿಲಿನಿಂದ ಮನೆಯವರೆಗಿನ ದಾರಿಯೂ ಬಿಡುಗಡೆಯ ಭಾಗವೇ. ಅಪರಾಧವೆಸಗದ ಮನೋರೋಗಿಗಳನ್ನು ಸೆರೆಮನೆಯಲ್ಲಿ ಇಡುವುದೇ ಸಂವಿಧಾನಬಾಹಿರವೆಂದು ನ್ಯಾಯಾಲಯ ೧೯೯೩ರಲ್ಲಿ ಶೀಲಾ ಬರ್ಸೆ ಮೊಕದ್ದಮೆಯಲ್ಲಿ ಸಾರಿತು.

ಶಾಹದರದ ಮೊಕದ್ದಮೆಯಲ್ಲಿ ೧೯೮೯ರಲ್ಲಿ ಬಂದ ತೀರ್ಪು ಕನ್ನಡಿಗರಿಗೆ ವಿಶೇಷವಾಗಿ ಸ್ಮರಣೀಯ. ಆ ಆಸ್ಪತ್ರೆಯನ್ನು ಬೆಂಗಳೂರಿನ ನಿಮ್ಹಾನ್ಸ್ ಮಾದರಿಯಲ್ಲಿ ಪುನರ್ರಚಿಸಬೇಕೆಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಅದರ ಫಲವಾಗಿ ೧೯೯೩ರಲ್ಲಿ ಇಹ್ಬಾಸ್ ಎಂಬ ಸ್ವಾಯತ್ತ ಸಂಸ್ಥೆ ಅಲ್ಲಿ ರೂಪುತಳೆಯಿತು. ಮೈಸೂರು ಸಂಸ್ಥಾನದ ಒಂದು ಆಸ್ಪತ್ರೆಯ ಪರಂಪರೆ ಹೀಗೆ ಎರಡು ಸಾವಿರ ಕಿಲೋಮೀಟರುಗಳಾಚೆ ಯಮುನೆಯ ದಡವನ್ನು ತಲಪಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ೧೯೮೭ರ ಕಾಯಿದೆ ಜಾರಿಗೆ ಬಂದು ಲೂನಸಿ ಆಕ್ಟ್ ಕೊನೆಗೊಂಡಿತು. ತಾನಾಗಿ ಬರುವ ರೋಗಿಯ ಪ್ರವೇಶಕ್ಕೆ ಹೊಸ ಕಾಯಿದೆ ಪ್ರಾಶಸ್ತ್ಯವಿತ್ತಿತು. ಬಂಧುಗಳು ಕರೆತಂದವರನ್ನು ನ್ಯಾಯಾಲಯದ ಆಜ್ಞೆಯಿಲ್ಲದೆ ತೊಂಬತ್ತು ದಿನಗಳಿಗೆ ಮೀರಿ ಇರಿಸಕೂಡದೆಂದು ಮಿತಿಯನ್ನು ಹಾಕಿತು.

ಆದರೂ ಉಳಿದವರು ಉಳಿದೇ ಇದ್ದರು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನಿಮ್ಹಾನ್ಸಿನ ನೆರವಿನಿಂದ ದೇಶದ ಮಾನಸಿಕ ಆಸ್ಪತ್ರೆಗಳನ್ನು ಪರೀಕ್ಷಿಸಿ ೧೯೯೯ರಲ್ಲಿ ಪ್ರಕಟಿಸಿದ ವರದಿ ಇದನ್ನು ಸ್ಪಷ್ಟಪಡಿಸಿತು. ಆ ಕಾರ್ಯದ ನೇತೃತ್ವ ವಹಿಸಿದ್ದವರು ಕನ್ನಡಿಗರಾದ ಡಾ. ಎಸ್. ಎಂ. ಚನ್ನಬಸವಣ್ಣನವರು. ಆಸ್ಪತ್ರೆಗಳ ಹೊರಗಿನ ಸ್ಥಿತಿ ಇನ್ನೂ ಭೀಕರವಾಗಿತ್ತು. ೨೦೦೧ರ ಆಗಸ್ಟ್ ೬ರಂದು ತಮಿಳುನಾಡಿನ ಏರವಾಡಿಯ ಒಂದು ಖಾಸಗಿ ಆಶ್ರಯದಲ್ಲಿ ಬೆಂಕಿ ಬಿದ್ದಾಗ ಸರಪಳಿಗಳಲ್ಲಿ ಬಂಧಿತರಾಗಿದ್ದವರು ಓಡಲಾರದೆ ಸತ್ತರು; ಸತ್ತವರು ಇಪ್ಪತ್ತೆಂಟು ಮಂದಿ. ದರ್ಗಾದ ಮಹಿಮೆಯನ್ನು ನಂಬಿ ಮನೆಯವರು ತಂದು ಬಿಟ್ಟುಹೋಗಿದ್ದವರು ಅವರು. ಅಲ್ಲಿ ಪ್ರವೇಶಕ್ಕೆ ಕಾಗದವೇ ಇರಲಿಲ್ಲ; ನಿರ್ಗಮನವೆಂಬುದನ್ನು ಯಾರೂ ಯೋಚಿಸಿರಲಿಲ್ಲ.

೬

ಬಾಗಿಲೇ ಇಲ್ಲದ ಸೇವೆಯೊಂದು ಸಾಧ್ಯವೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಯತ್ನವೂ ಕನ್ನಡನಾಡಿನಲ್ಲಿಯೇ ನಡೆಯಿತು. ೧೯೭೦ರ ದಶಕದ ಮಧ್ಯದಲ್ಲಿ ನಿಮ್ಹಾನ್ಸಿನ ವೈದ್ಯರು ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವನ್ನು ಆರಂಭಿಸಿದರು. ೧೯೮೨ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಆ ದಶಕದ ಮಧ್ಯದಿಂದ ಬಳ್ಳಾರಿ ಜಿಲ್ಲೆಯಲ್ಲಿ ಅದರ ಪ್ರಯೋಗ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಅಲ್ಪಾವಧಿಯ ತರಬೇತಿ, ರೋಗಿಗಳನ್ನು ಗುರುತಿಸಲು ಆರೋಗ್ಯ ಕಾರ್ಯಕರ್ತರಿಗೆ ಶಿಕ್ಷಣ, ಕೆಲವೇ ಅವಶ್ಯ ಔಷಧಗಳ ಪೂರೈಕೆ, ಜಿಲ್ಲಾ ಮಟ್ಟದಲ್ಲಿ ತಜ್ಞರ ಒಂದು ತಂಡ, ಇಷ್ಟೇ ಅದರ ಸಾಮಗ್ರಿ. ಬಳ್ಳಾರಿಯ ಅನುಭವದ ಆಧಾರದ ಮೇಲೆ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಇತರ ಭಾಗಗಳಿಗೆ ಹಬ್ಬಿತು.

ಇಲ್ಲಿ ಸೇವೆಯ ಆರಂಭಕ್ಕೆ ಪೋಲೀಸರೂ ಬೇಡ, ಮ್ಯಾಜಿಸ್ಟ್ರೇಟನೂ ಬೇಡ; ಊರಿನ ಹತ್ತಿರದ ದವಾಖಾನೆಗೆ ನಡೆದು ಹೋದರೆ ಸಾಕು. ಆದರೆ ಸೇವೆಯ ಕೊನೆ? ಅದಕ್ಕೆ ಇಲ್ಲಿ ಬೇರೊಂದು ರೂಪ. ಯಾರೂ ಬಿಡುಗಡೆಯ ಆಜ್ಞೆ ಬರೆಯುವುದಿಲ್ಲ. ಒಂದು ತಿಂಗಳು ರೋಗಿ ಔಷಧಕ್ಕೆ ಬರುವುದಿಲ್ಲ, ಅಷ್ಟೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚಿಗಿಲ್ಲ, ಔಷಧದಿಂದ ಮೈ ಜಡವಾಗುತ್ತದೆ, ವಾಸಿಯಾಯಿತಲ್ಲ ಇನ್ನೇಕೆ ಎಂಬ ಭಾವನೆ, ಹೀಗೆ ಕಾರಣಗಳು ಹಲವು. ಗೋಡೆಯೊಳಗಿನ ಸಂಸ್ಥೆಯಲ್ಲಿ ಸೇವೆ ಮುಗಿಯಬೇಕಾದಾಗ ಮುಗಿಯದಿರುವುದು ದೋಷವಾದರೆ, ಗೋಡೆಯಿಲ್ಲದ ಸೇವೆಯಲ್ಲಿ ಮುಗಿಯಬಾರದಾಗ ಸದ್ದಿಲ್ಲದೆ ಮುಗಿದುಹೋಗುವುದು ದೋಷ. ಬರುವುದನ್ನು ನಿಲ್ಲಿಸಿದವರ ಮನೆಗೆ ಕಾರ್ಯಕರ್ತರು ಹೋಗಿ ವಿಚಾರಿಸಬೇಕೆಂಬ ಕ್ರಮವನ್ನು ಬಳ್ಳಾರಿಯ ಯೋಜನೆಯಲ್ಲಿ ಇರಿಸಿದ್ದು ಇದಕ್ಕಾಗಿಯೇ.

೭

ಅಂಗವಿಕಲರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ ೨೦೦೭ರಲ್ಲಿ ಅಂಗೀಕರಿಸಿತು. ಸಮಾಜದ ನಡುವೆ ಬಾಳುವುದು ಅಂಗವಿಕಲರ ಹಕ್ಕೆಂದು ಅದರ ಹತ್ತೊಂಬತ್ತನೆಯ ವಿಧಿ ಹೇಳುತ್ತದೆ. ಇದಕ್ಕನುಗುಣವಾಗಿ ರಚಿತವಾದ ೨೦೧೭ರ ಮಾನಸಿಕ ಆರೋಗ್ಯ ಸೇವೆಯ ಕಾಯಿದೆ ೨೦೧೮ರ ಮೇ ೨೯ರಂದು ಜಾರಿಗೆ ಬಂದಿತು.

ಈ ಕಾಯಿದೆ ಹಳೆಯ ಕ್ರಮವನ್ನು ಬಹುಮಟ್ಟಿಗೆ ತಲೆಕೆಳಗು ಮಾಡಿದೆ. ರೋಗಿ ತಾನೇ ಬಂದು ಸೇರುವುದು ಸಾಮಾನ್ಯ ನಿಯಮ. ಬೇರೆಯವರ ಅರ್ಜಿಯ ಮೇಲೆ ಸೇರಿಸುವುದು ಅಪವಾದ. ಆ ಅಪವಾದಕ್ಕೂ ಮೊದಲು ಮೂವತ್ತು ದಿನಗಳ ಮಿತಿ. ಮುಂದುವರಿಸಬೇಕಾದರೆ ಪರಿಶೀಲನಾ ಮಂಡಲಿಯ ಅನುಮತಿ. ತಾನಾಗಿ ಬಂದವರು ಹೊರಡುತ್ತೇನೆಂದರೆ ಕೂಡಲೇ ಕಳಿಸಬೇಕು. ವಿಶೇಷ ಕಾರಣವಿದ್ದಲ್ಲಿ ಪರೀಕ್ಷೆಗಾಗಿ ಇಪ್ಪತ್ತನಾಲ್ಕು ಗಂಟೆ ಮಾತ್ರ ತಡೆಯಬಹುದು. ಕಳಿಸುವ ಮುನ್ನ ಮುಂದಿನ ಚಿಕಿತ್ಸೆ ಎಲ್ಲಿ, ಹೇಗೆ ಎಂಬುದನ್ನು ರೋಗಿಯೊಡನೆ ಕುಳಿತು ಯೋಜಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮನೆಯವರು ಒಪ್ಪಲಿಲ್ಲ, ಮನೆಯೇ ಇಲ್ಲ ಎಂಬ ಕಾರಣದಿಂದ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳಕೂಡದೆಂದು ಕಾಯಿದೆಯ ಹತ್ತೊಂಬತ್ತನೆಯ ಸೆಕ್ಷನ್ ವಿಧಿಸುತ್ತದೆ. ಸಮೂಹಗೃಹಗಳನ್ನೂ ಮಧ್ಯಂತರ ವಸತಿಗಳನ್ನೂ ಒದಗಿಸುವ ಹೊಣೆ ಸರ್ಕಾರದ್ದು. ಒಂದು ಶತಮಾನಕ್ಕೂ ಹೆಚ್ಚು ಕಾಲ ಮುಚ್ಚಳಿಕೆ ಬರೆಯುವ ಬಂಧುವಿನ ಕೈಯಲ್ಲಿದ್ದ ಬೀಗದಕೈಯನ್ನು ಕಾನೂನು ಹೀಗೆ ಮರಳಿ ಪಡೆದುಕೊಂಡಿದೆ.

ಆಚರಣೆ ಮಾತ್ರ ಹಿಂದುಳಿದಿದೆ. ಉತ್ತರಪ್ರದೇಶದ ಆಸ್ಪತ್ರೆಗಳಲ್ಲಿ ಗುಣವಾಗಿಯೂ ಉಳಿದಿದ್ದವರ ವಿಷಯ ಗೌರವ್ ಕುಮಾರ್ ಬನ್ಸಲ್ ಮೊಕದ್ದಮೆಯ ಮೂಲಕ ಸರ್ವೋಚ್ಚ ನ್ಯಾಯಾಲಯಕ್ಕೆ ಬಂದು, ಅಂಥವರ ಪುನರ್ವಸತಿಗೆ ಮಾರ್ಗಸೂಚಿಗಳನ್ನು ಅನುಷ್ಠಾನಗೊಳಿಸುವಂತೆ ೨೦೧೭ರಲ್ಲಿ ಆದೇಶವಾಯಿತು. ೨೦೨೩ರಲ್ಲಿ ಮಾನವ ಹಕ್ಕುಗಳ ಆಯೋಗ ಇದೇ ಕೊರತೆಯನ್ನು ಮತ್ತೆ ಎತ್ತಿ ಹೇಳಬೇಕಾಯಿತು. ೧೯೯೯ರ ಮಾತನ್ನೇ ಇಪ್ಪತ್ತನಾಲ್ಕು ವರ್ಷಗಳ ತರುವಾಯ ಮತ್ತೆ ಆಡಬೇಕಾಗಿ ಬಂದುದು ಸಮಾಜಕ್ಕೆ ಗೌರವ ತರುವ ಸಂಗತಿಯಲ್ಲ.

ಹುಟ್ಟಿದ ನಾಡನ್ನು ಬಿಟ್ಟು ಬಂದವರಿಗೆ ಈ ಚರಿತ್ರೆಯಲ್ಲಿ ನೇರವಾಗಿ ಸಂಬಂಧಪಟ್ಟ ಎರಡು ಸಂಗತಿಗಳಿವೆ. ಮೊದಲನೆಯದು ಭಾಷೆಗೆ ಸಂಬಂಧಿಸಿದ್ದು. ದಿಕ್ಕಿಲ್ಲದೆ ಅಲೆಯುವ ಮನೋರೋಗಿಯನ್ನು ಪೋಲೀಸರು ಲಾಕಪ್ಪಿನಲ್ಲಿ ಇಡದೆ ಇಪ್ಪತ್ತನಾಲ್ಕು ಗಂಟೆಗಳೊಳಗೆ ಆಸ್ಪತ್ರೆಗೆ ಒಯ್ಯಬೇಕು, ಆತನ ಮನೆಯವರನ್ನು ಹುಡುಕಬೇಕು ಎಂದು ಈಗಿನ ಕಾಯಿದೆ ಹೇಳುತ್ತದೆ. ಆದರೆ ಆತನ ಮಾತು ಅಲ್ಲಿ ಯಾರಿಗೂ ತಿಳಿಯದಿದ್ದರೆ ಹುಡುಕುವುದು ಎಲ್ಲಿಂದ? ಊರಿನ ಹೆಸರು, ಕೆರೆಯ ಹೆಸರು, ಜಾತ್ರೆಯ ಹೆಸರು ಇವುಗಳನ್ನು ಕೇಳಿದೊಡನೆ ಜಿಲ್ಲೆಯನ್ನು ಊಹಿಸಬಲ್ಲವರು ಆ ಭಾಷೆಯವರು ಮಾತ್ರ. ವೈದ್ಯ ಬರೆಯಲಾರದ ಬಿಡುಗಡೆಯ ಚೀಟಿಯನ್ನು ಕನ್ನಡ ಬಲ್ಲವನೊಬ್ಬನ ಅರ್ಧ ಗಂಟೆಯ ಮಾತು ಬರೆಯಬಹುದು.

ಎರಡನೆಯದು ಪ್ರತಿನಿಧಿಯ ವಿಷಯ. ಚಿಕಿತ್ಸೆಯ ಪ್ರಸಂಗ ಬಂದಾಗ ತನ್ನ ಪರವಾಗಿ ಮಾತಾಡತಕ್ಕವರು ಯಾರೆಂಬುದನ್ನು ವಯಸ್ಕರಾದ ಯಾರೇ ಆಗಲಿ ಸಾದಾ ಕಾಗದದ ಮೇಲೆ ಬರೆದು ಸಹಿ ಹಾಕಿ ಮುಂಚಿತವಾಗಿಯೇ ಸೂಚಿಸಬಹುದೆಂದು ಕಾಯಿದೆ ಹೇಳುತ್ತದೆ. ಆ ಪ್ರತಿನಿಧಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಅಣ್ಣತಮ್ಮಂದಿರು ಹಾಸನದಲ್ಲಿಯೋ ಧಾರವಾಡದಲ್ಲಿಯೋ ಇದ್ದು, ಮಕ್ಕಳು ಸಮುದ್ರದಾಚೆ ನೆಲಸಿ, ದೆಹಲಿಯ, ಗುರುಗ್ರಾಮದ, ನೋಯಿಡಾದ ಬಹುಮಹಡಿ ಕಟ್ಟಡಗಳಲ್ಲಿ ಒಬ್ಬೊಬ್ಬರೇ ವಾಸಿಸುವ ವೃದ್ಧರಿಗೆ ಈ ವಿಧಿ ಎಷ್ಟು ಬೆಲೆಯುಳ್ಳದ್ದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೆರೆಯ ಸ್ನೇಹಿತರು, ಸಂಘದ ಒಡನಾಡಿಗಳು ಈ ಹೊಣೆಯನ್ನು ಹೊರಬಹುದು.

ಬೆಂಗಳೂರಿನ ಹಳೆಯ ಆಶ್ರಯಸ್ಥಾನದಿಂದ ಶಾಹದರದ ಸಂಸ್ಥೆಯವರೆಗಿನ ಸುಮಾರು ನೂರೆಪ್ಪತ್ತು ವರ್ಷಗಳ ಈ ಚರಿತ್ರೆಯಿಂದ ಸ್ಥೂಲವಾಗಿ ತಿಳಿದುಬರುವುದು ಇಷ್ಟು. ಪ್ರವೇಶದ ಬಾಗಿಲನ್ನು ಸರ್ಕಾರಗಳು ಕಟ್ಟಿದವು. ಅದರ ಕೀಲುಗಳನ್ನು ಕಾನೂನು ಮತ್ತೆ ಮತ್ತೆ ತಿದ್ದಿತು. ನಿರ್ಗಮನದ ಬಾಗಿಲನ್ನು ವೈದ್ಯವಿಜ್ಞಾನ ಸಡಿಲಿಸಿತು, ನ್ಯಾಯಾಲಯ ತೆರೆಯಿತು. ಆದರೆ ಬಾಗಿಲಾಚೆ ನಿಂತು ಬರಮಾಡಿಕೊಳ್ಳುವ ಮನುಷ್ಯನನ್ನು ಯಾವ ಕಾಯಿದೆಯೂ ಸೃಷ್ಟಿಸಲಾರದು. ತಖ್ತೆಯ ಕಡೆಯ ಅಂಕಣದಲ್ಲಿ ಇಂದಿಗೂ ಶಿಲ್ಕಾಗಿ ಉಳಿದಿರುವವರ ಲೆಕ್ಕ ಚುಕ್ತವಾಗಬೇಕಾದದ್ದು ಅಲ್ಲಿ.